ಬಾರದ ಮಳೆಯೂ ಮನಸ್ಸಿನ ಮುಳ್ಳೂ

ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಅಣಜಿಯನ್ನು ದಾಟಿದ ಮೇಲೆ ಬಿಳಿಚೋಡು ಸಿಗುತ್ತದೆ. ಅದೊಂದು ಹೋಬಳಿ ಕೇಂದ್ರ. ಸುತ್ತಲಿನದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಹೊಲಗಳ ಸೀಮೆ. ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಇಲ್ಲಿನವರ ಮಾತಿನಲ್ಲೂ ಸಾಲದ ಲೆಕ್ಕದಲ್ಲೂ ಮೊದಲು ಬರುವ ಹೆಸರುಗಳು. ರೋಹಿಣಿ ಮಳೆ ತಪ್ಪಿದರೆ ಮೃಗಶಿರಾ, ಮೃಗಶಿರಾ ತಪ್ಪಿದರೆ ಆರಿದ್ರಾ ಎಂದು ಎಣಿಸುತ್ತ ಆಕಾಶ ನೋಡುವುದು ಇಲ್ಲಿಯ ಗೃಹಸ್ಥನಿಗೆ ತಂದೆತಾತಂದಿರಿಂದ ಬಂದ ಅಭ್ಯಾಸ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ರಾಜ್ಯದ ಉಳಿದ ಭಾಗಗಳಿಗೆ ಅದು ದೊಡ್ಡ ಸುದ್ದಿಯಾಗಿತ್ತು. ಜಗಳೂರು ಸೀಮೆಗೆ ಹಳೆಯ ಪರಿಚಯ.

ಇಂಥ ಕಡೆ ‘ಮಾನಸಿಕ ಒತ್ತಡ’ ಎಂಬ ಮಾತನ್ನು ಜನ ಹೆಚ್ಚಾಗಿ ಬಳಸುವುದಿಲ್ಲ. ರಾತ್ರಿ ನಿದ್ದೆ ಹತ್ತಲಿಲ್ಲ ಎನ್ನುತ್ತಾರೆ, ಮನಸ್ಸಿಗೆ ಸಮಾಧಾನವಿಲ್ಲ ಎನ್ನುತ್ತಾರೆ, ಮನೆಯವರ ಮೇಲೆ ಕಾರಣವಿಲ್ಲದೆ ರೇಗುತ್ತಾರೆ. ಒತ್ತಡವೆಂಬುದು ಕಂಪ್ಯೂಟರಿನ ಮುಂದೆ ಕುಳಿತವರಿಗೆ ಮಾತ್ರ ಬರುವ ವ್ಯಾಧಿಯೆಂಬ ಭಾವನೆ ಲೇಖನಗಳಲ್ಲೂ ಭಾಷಣಗಳಲ್ಲೂ ಉಳಿದುಬಂದಿದೆ. ಬಿತ್ತಿದ ಬೀಜ ಮೊಳೆತು, ಮೊಳೆತದ್ದು ಹನಿ ನೀರಿಲ್ಲದೆ ಬಾಡುವುದನ್ನು ದಿನವೂ ಬದುವಿನ ಮೇಲೆ ನಿಂತು ನೋಡುವವನ ಎದೆಯೊಳಗಿನದನ್ನು ಏನೆಂದು ಕರೆಯಬೇಕು?

ಜೈನಾಗಮದಲ್ಲಿ ಅದಕ್ಕೊಂದು ಹೆಸರಿದೆ: ಆರ್ತಧ್ಯಾನ. ಧ್ಯಾನವೆಂದರೆ ಪದ್ಮಾಸನ, ಮುಚ್ಚಿದ ಕಣ್ಣು, ಶಾಂತಿ ಎಂದುಕೊಂಡವರಿಗೆ ಈ ಹೆಸರು ವಿಚಿತ್ರವೆನಿಸಬಹುದು. ಒಂದು ವಿಷಯದಲ್ಲಿ ಚಿತ್ತ ನೆಟ್ಟು ನಿಲ್ಲುವುದೇ ಧ್ಯಾನವಾದರೆ, ಕೈತಪ್ಪಿದ ಹಣದ ಸುತ್ತ ರಾತ್ರಿಯಿಡೀ ಸುತ್ತುವ ಮನಸ್ಸು ಮಾಡುತ್ತಿರುವುದೂ ಧ್ಯಾನವೇ. ಏಕಾಗ್ರತೆಗೆ ಅಲ್ಲಿ ಕೊರತೆಯಿಲ್ಲ. ಆಲಂಬನ ಮಾತ್ರ ನೋವು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇದನ್ನು ನಾಲ್ಕಾಗಿ ಬಿಡಿಸಿದ್ದಾರೆ. ಬೇಡವಾದದ್ದು ಬಂದು ಸೇರಿದಾಗ ಅದು ಎಂದು ತೊಲಗೀತೆಂಬ ಕೊರಗು ಅನಿಷ್ಟ ಸಂಯೋಗ. ಬೇಕಾದದ್ದು ದೂರವಾದಾಗ ಮತ್ತೆ ಎಂದು ದೊರೆತೀತೆಂಬ ಹಂಬಲ ಇಷ್ಟವಿಯೋಗ. ದೇಹದ ಬಾಧೆಯನ್ನೇ ಚಿಂತಿಸುತ್ತಿರುವುದು ವೇದನೆ. ಮುಂದೆ ಇಂಥ ಭೋಗ ತನಗೂ ಆಗಬೇಕೆಂದು ಗಂಟುಹಾಕಿಕೊಳ್ಳುವುದು ನಿದಾನ. (ಇದು ಅಲ್ಪಪ್ರಾಣ ದಕಾರದ ನಿದಾನ, ಮೆಲ್ಲಗೆ ಎಂಬರ್ಥದ ನಿಧಾನವಲ್ಲ. ಮಕ್ಕಳ ಬರವಣಿಗೆಯಲ್ಲಿ ಎರಡೂ ಒಂದಾಗುತ್ತವೆ. ನಿಧಾನ ತಪ್ಪಿದವನಿಗೇ ನಿದಾನ ಬೇಗ ಹತ್ತುವುದು ಎಂದರೆ ವ್ಯಾಕರಣಕ್ಕೆ ಭಂಗವಾದರೂ ಅನುಭವಕ್ಕೆ ಭಂಗವಿಲ್ಲ.)

ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ, ಪ್ರವಚನಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ. ಆರ್ತಧ್ಯಾನ ಯಾರಿಗೆ ಉಂಟಾಗುತ್ತದೆ? ವ್ರತವಿಲ್ಲದವನಿಗೆ ಮಾತ್ರವಲ್ಲ, ಅಣುವ್ರತಗಳನ್ನು ಪಾಲಿಸುವ ಶ್ರಾವಕನಿಗೂ ಉಂಟು, ಪ್ರಮಾದವಿನ್ನೂ ಕಳೆಯದ ಸಂಯಮಿಗೂ ಉಂಟು. ನಿದಾನವೊಂದನ್ನು ಬಿಟ್ಟು ಉಳಿದ ಮೂರು ಮುನಿಗಳಲ್ಲೂ ಒಮ್ಮೊಮ್ಮೆ ತಲೆಯೆತ್ತಬಹುದೆಂದು ವ್ಯಾಖ್ಯಾನಕಾರರು ಒಪ್ಪುತ್ತಾರೆ. ದಿನವೂ ಬಸದಿಗೆ ಹೋಗಿಯೂ ಮನಸ್ಸು ಕೆಡುತ್ತದಲ್ಲ, ತನ್ನ ಧರ್ಮವೇ ಸುಳ್ಳೇ ಎಂದು ನಾಚುವವರು ಈ ಮಾತನ್ನು ನೆನಪಿಡಬೇಕು. ಕೊರಗು ಬಂದುದು ಅಪರಾಧವಲ್ಲ. ಬಂದದ್ದು ಯಾವುದೆಂದು ಗುರುತಿಸದೆ ಬಿಡುವುದರಿಂದ ಕೆಲಸ ಕೆಡುತ್ತದೆ.

ಗುರುತಿಸುವುದು ಹೇಗೆಂಬುದಕ್ಕೆ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಬಹುದು. ಈರುಳ್ಳಿಯನ್ನು ಮಾರುಕಟ್ಟೆಗೆ ಹಾಕಿ, ಕಿತ್ತ ಕೂಲಿ, ಚೀಲ, ಲಾರಿ ಬಾಡಿಗೆ ಕಳೆದರೆ ಕೈಯಲ್ಲಿ ಏನೂ ಉಳಿಯದೆ ಅವನು ಸಂಜೆಯ ಬಸ್ಸಿನಲ್ಲಿ ಬಿಳಿಚೋಡಿಗೆ ಮರಳುತ್ತಿದ್ದಾನೆ. ಅವನಿಗಾದ ನಷ್ಟ ನಿಜವಾದದ್ದು. ಅದನ್ನು ಮಾಯೆಯೆಂದು ತಳ್ಳಿಹಾಕುವುದು ಜೈನದರ್ಶನದ ರೀತಿಯಲ್ಲ. ಆದರೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವನು ನೆನೆಯುತ್ತಿರುವುದು ನಷ್ಟದ ಮೊತ್ತವನ್ನಲ್ಲ. ಪಕ್ಕದ ಹೊಲದವನು ಎಂಟು ದಿನ ಮೊದಲೇ ಮಾರಿ ಗೆದ್ದನಲ್ಲ ಎಂಬುದನ್ನು. ಮಗಳ ಮದುವೆಗೆ ಬೀಗರ ಮುಂದೆ ಆಡಿದ ಮಾತನ್ನು. ಕಟ್ಟೆಯ ಮೇಲೆ ಕುಳಿತವರು ಏನು ಕೇಳಿಯಾರೆಂಬುದನ್ನು. ಹಣ ಹೋದುದು ಒಂದು ನೋವು. ಮಾನಕ್ಕೆ ಬಿದ್ದ ಪೆಟ್ಟು ಇನ್ನೊಂದು. ಪಕ್ಕದವನ ಲಾಭ ಮೂರನೆಯದು. ಮೂರನ್ನೂ ಸೇರಿಸಿ ಒಂದೇ ಹೊರೆಯಾಗಿ ಹೊತ್ತವನಿಗೆ ಯಾವುದು ಭಾರವೆಂದು ತಿಳಿಯುವುದಿಲ್ಲ. ಬಿಡಿಸಿಟ್ಟರೆ, ಮೊದಲನೆಯದಕ್ಕೆ ಸಾಲದ ಮರುಹೊಂದಾಣಿಕೆ, ಮುಂದಿನ ಬೆಳೆಯ ಆಯ್ಕೆ ಮುಂತಾದ ದಾರಿಗಳಿರುವುದು ಕಾಣುತ್ತದೆ. ಉಳಿದ ಎರಡಕ್ಕೆ ಮಾರುಕಟ್ಟೆಯಲ್ಲಿ ಮದ್ದಿಲ್ಲ. ಅವು ಮಾನಕಷಾಯದ, ಲೋಭಕಷಾಯದ ಮಕ್ಕಳು.

ಒಳಗೆ ಮುರಿದುಕೊಂಡು ಉಳಿದ ಇಂಥ ಮುಳ್ಳಿಗೆ ಶಾಸ್ತ್ರ ಇಟ್ಟ ಹೆಸರು ಶಲ್ಯ. ಮಾಯೆ, ಮಿಥ್ಯಾತ್ವ, ನಿದಾನವೆಂದು ಶಲ್ಯಗಳು ಮೂರು; ಇವು ಇರುವವರೆಗೆ ವ್ರತ ಹಿಡಿದರೂ ವ್ರತಿಯೆನಿಸಲಾರ. ಜನಸಾಮಾನ್ಯರಿಗೆ ಈ ಮಾತನ್ನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಂದ ನಿಂತ ಮೂರ್ತಿಯೇ ತಿಳಿಸುತ್ತ ಬಂದಿದೆ. ಬಾಹುಬಲಿ ಅಣ್ಣ ಭರತನನ್ನು ಗೆದ್ದು, ಗೆದ್ದುದನ್ನೆಲ್ಲ ಬಿಟ್ಟು, ಒಂದು ವರ್ಷ ಅನ್ನನೀರಿಲ್ಲದೆ ನಿಂತ. ಬಳ್ಳಿ ಹಬ್ಬಿತು, ಕಾಲಬಳಿ ಹುತ್ತ ಬೆಳೆಯಿತು. ಕೇವಲಜ್ಞಾನ ಮಾತ್ರ ಬರಲಿಲ್ಲ. ನಿಂತ ನೆಲ ಅಣ್ಣನದಲ್ಲವೇ ಎಂಬ ಕಿಂಚಿತ್ ಭಾವ ಉಳಿದಿತ್ತೆಂದು ಜನರ ಬಾಯಲ್ಲಿ ಕಥೆಯಿದೆ. ತನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಮರುಕವೇ ಉಳಿದಿತ್ತೆಂದು ಜಿನಸೇನಾಚಾರ್ಯರ ಪುರಾಣ ಹೇಳುತ್ತದೆ. ಇದನ್ನು ಶಲ್ಯವೆನ್ನಬೇಕೇ, ಸೂಕ್ಷ್ಮ ವಿಕಲ್ಪವೆನ್ನಬೇಕೇ ಎಂಬ ವಿದ್ವಾಂಸರ ಚರ್ಚೆ ಒತ್ತಟ್ಟಿಗಿರಲಿ. ಬಿಸಿಲು, ಮಳೆ, ಹಾವು, ಹಸಿವು ಯಾವುದೂ ಅಡ್ಡಿಯಾಗದವನಿಗೆ ಒಂದು ಎಣಿಕೆ ಅಡ್ಡಿಯಾಯಿತು. ಭರತ ಬಂದು ಪೂಜಿಸಿದಾಗ ಆ ಎಣಿಕೆ ಕರಗಿತು. ಹೊರಗಿನ ಪರಿಸ್ಥಿತಿಯಲ್ಲಿ ಏನೂ ಬದಲಾಗಿರಲಿಲ್ಲ; ನೆಲ ಆಗಲೂ ಭರತನದೇ ಆಗಿತ್ತು.

ಮುಳ್ಳು ಗುರುತಿಸಿದ ಮೇಲೆ ಕೀಳುವುದು ಹೇಗೆ? ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳ ಪಟ್ಟಿಯಲ್ಲಿ ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆಗಳ ಜೊತೆಗೆ ‘ಅಲಾಭ’ ಎಂಬುದೂ ಸೇರಿದೆ. ಆಹಾರಕ್ಕೆಂದು ಹೊರಟ ಮುನಿಗೆ ವಿಧಿ ಕೂಡಿಬಾರದೆ ಬರಿಗೈಯಲ್ಲಿ ಮರಳಬೇಕಾಗುವ ಸನ್ನಿವೇಶವದು. ಆಗ ಅವರು ಊರನ್ನು ಶಪಿಸುವುದಿಲ್ಲ, ತಮ್ಮನ್ನೂ ಹಳಿದುಕೊಳ್ಳುವುದಿಲ್ಲ. ಇಂದಿನ ಉಪವಾಸ ತಾನಾಗಿ ಒದಗಿದ ತಪಸ್ಸು, ಲಾಭಕ್ಕಿಂತ ಈ ಅಲಾಭವೇ ಮೇಲು ಎಂದು ಬಗೆದು ಅದೇ ಸಮಚಿತ್ತದಿಂದ ಹೆಜ್ಜೆ ತಿರುಗಿಸುತ್ತಾರೆ. ಹಸಿವು ಅಲ್ಲಿಯೇ ಇದೆ. ಅದರ ಅರ್ಥ ಮಾತ್ರ ಬೇರೆಯಾಯಿತು.

ಈ ಪರೀಷಹದ ಆದ್ಯ ನಿದರ್ಶನ ಸ್ವತಃ ಆದಿತೀರ್ಥಂಕರರೇ. ಪಂಪ 941ರಲ್ಲಿ ಕನ್ನಡಕ್ಕೆ ತಂದ ಆದಿಪುರಾಣದ ಕಥೆ ಈ ಸೀಮೆಯ ರೈತನಿಗೆ ವಿಶೇಷವಾಗಿ ಹತ್ತಿರದ್ದು; ಏಕೆಂದರೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಕಲಿಸಿ, ಜನರ ಕೈಗೆ ನೇಗಿಲು ಕೊಟ್ಟವನು ಆ ವೃಷಭನಾಥ. ಬೆಳೆಯುವುದನ್ನು ಲೋಕಕ್ಕೆ ಕಲಿಸಿದವನೇ ದೀಕ್ಷೆ ವಹಿಸಿ, ಆರು ತಿಂಗಳ ಯೋಗ ಮುಗಿಸಿ ಆಹಾರಕ್ಕೆ ಹೊರಟಾಗ ಒಬ್ಬರೂ ತುತ್ತು ಅನ್ನ ಕೊಡಲಿಲ್ಲ. ಜನರಿಗೆ ಭಕ್ತಿಯಿಲ್ಲದೆ ಅಲ್ಲ, ಕ್ರಮ ತಿಳಿಯದೆ. ಒಬ್ಬರು ಆನೆ ತಂದರು, ಒಬ್ಬರು ಕುದುರೆ ತಂದರು, ರತ್ನಾಭರಣಗಳನ್ನು ರಾಶಿ ಹಾಕಿದರು. ಮತ್ತೆ ಆರು ತಿಂಗಳಿಗೂ ಮಿಕ್ಕಿ ಅವರು ಹಾಗೆಯೇ ನಡೆದರು. ಅವರೊಡನೆ ದೀಕ್ಷೆ ತೊಟ್ಟ ನಾಲ್ಕು ಸಾವಿರ ಅರಸರು ಅಷ್ಟರಲ್ಲಿ ಹಸಿವು ತಾಳದೆ ಹಣ್ಣು ಗೆಡ್ಡೆಗಳಿಗೆ ಕೈಚಾಚಿ ಮಾರ್ಗ ಬಿಟ್ಟಿದ್ದರು. ಹಸಿವು ಎಲ್ಲರಿಗೂ ಒಂದೇ. ಅರಸರು ಸ್ವಾಮಿಯ ಮೇಲಿನ ಭಕ್ತಿಯಿಂದ ಹೊರಟವರು, ಹೊರಟದ್ದು ಯಾತಕ್ಕೆಂದು ತಮ್ಮನ್ನು ಕೇಳಿಕೊಂಡಿರಲಿಲ್ಲ. ವೃಷಭನಾಥರಿಗೆ ಅದು ತಿಳಿದಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ಅಲಾಭವನ್ನು ತಪಸ್ಸೆಂದು ಬಗೆಯುವ ಅಧಿಕಾರ ಹಸಿದವನದು ಮಾತ್ರ. ಉಂಡವನು ಹಸಿದವನಿಗೆ ಅದನ್ನು ಉಪದೇಶಿಸುವಂತಿಲ್ಲ. ಬೆಳೆ ಕಳೆದುಕೊಂಡವನ ಎದುರು ನಿಂತು ‘ಅಂತರಾಯ ಕರ್ಮದ ಉದಯ, ಅನುಭವಿಸಲೇಬೇಕು’ ಎನ್ನುವ ಮಾತು ಇತ್ತೀಚೆಗೆ ಸಮಾಧಾನದ ವೇಷದಲ್ಲಿ ಸುಲಭವಾಗಿ ಹೊರಡುತ್ತದೆ. ಅನುಪ್ರೇಕ್ಷೆಗಳು ಹನ್ನೆರಡೂ ತನ್ನೊಳಗೆ ತಾನು ಚಿಂತಿಸಲಿಕ್ಕೆ ಇರುವಂಥವು. ಪರರ ದುಃಖದ ಎದುರು ಶ್ರಾವಕನಿಗೆ ವಿಧಿಸಿರುವುದು ಕಾರುಣ್ಯ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳಲ್ಲಿ ಕ್ಲೇಶಪಡುವವರಿಗೆ ಮೀಸಲಾದದ್ದು ಅದೇ. ಕರ್ಮಸಿದ್ಧಾಂತವನ್ನು ಪಕ್ಕದ ಮನೆಯ ಜಗಲಿಗೆ ಒಯ್ದವನು ಸಿದ್ಧಾಂತವನ್ನೂ ಕೆಡಿಸಿದ, ನೆರೆಯನ್ನೂ ಕೆಡಿಸಿದ.

ಸಮಭಾವವೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ಜಗಳೂರು ಭಾಗದ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ರೂಪುಗೊಂಡದ್ದು ಜನ ಕೇಳಿದ್ದರಿಂದ, ಮಠಾಧೀಶರೂ ಜನಪ್ರತಿನಿಧಿಗಳೂ ಬೆನ್ನುಹತ್ತಿದ್ದರಿಂದ. ಬರವೇ ನಮ್ಮ ಪಾಲು ಎಂದು ತೆಪ್ಪಗಿದ್ದರೆ ಕೆರೆಯ ಅಂಗಳದಲ್ಲಿ ಜಾಲಿಯೇ ಬೆಳೆದಿರುತ್ತಿತ್ತು. ಪುರುಷಾರ್ಥಕ್ಕೆ ಜೈನಧರ್ಮದಲ್ಲಿರುವ ಸ್ಥಾನ ದೊಡ್ಡದು. ಜಗತ್ತನ್ನು ನಡೆಸುವ ಒಬ್ಬ ಕರ್ತನನ್ನು ಒಪ್ಪದ ದರ್ಶನವು ತನ್ನ ಪಾಲಿನ ಕೆಲಸವನ್ನು ಇನ್ನಾರ ಮೇಲೆ ಹಾಕೀತು? ಇನ್ನೂ ಸಣ್ಣದೊಂದು ಉದಾಹರಣೆ. ಆಲಿಕಲ್ಲು ಬಿದ್ದೋ ನೀರು ನಿಂತೋ ವಿಮೆ ಮಾಡಿಸಿದ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬುದು ಫಸಲ್ ಬಿಮಾ ಯೋಜನೆಯ ನಿಯಮ. ಆ ಮೂರು ದಿನ ದೈವವನ್ನು, ಸರ್ಕಾರವನ್ನು, ಹೆಂಡತಿಮಕ್ಕಳನ್ನು ಬಯ್ಯುವುದರಲ್ಲೇ ಕಳೆದುಹೋದರೆ ಆರ್ತಧ್ಯಾನದ ಬೆಲೆ ರೂಪಾಯಿಗಳಲ್ಲೇ ಲೆಕ್ಕಕ್ಕೆ ಸಿಗುತ್ತದೆ. ನೊಂದ ಮನಸ್ಸನ್ನು ತಿಳಿಗೊಳಿಸಿಕೊಂಡವನೇ ಅರ್ಜಿಯನ್ನೂ ಸರಿಯಾಗಿ ಬರೆದಾನು.

ಇಷ್ಟೂ ಬಂದ ಕೊರಗಿಗೆ ಚಿಕಿತ್ಸೆ. ಬರುವ ಮೊದಲೇ ಮಾಡಬೇಕಾದದ್ದೂ ಇದೆ, ಅದನ್ನು ಸಾಧಿಸಿಕೊಡುವುದು ಐದನೆಯ ಅಣುವ್ರತ. ಪರಿಗ್ರಹ ಪರಿಮಾಣವೆಂದು ಎಲ್ಲರೂ ಬಲ್ಲ ಈ ವ್ರತಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೊಂದು ಹೆಸರನ್ನೂ ಸೂಚಿಸಿದ್ದಾರೆ: ಇಚ್ಛಾಪರಿಮಾಣ. ಅಳತೆ ಹಾಕಬೇಕಾದದ್ದು ವಸ್ತುವಿಗೆ ಎನ್ನುವುದಕ್ಕಿಂತ ಇಚ್ಛೆಗೆ. ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯ ಎಂದು ಗ್ರಂಥಗಳು ಎಣಿಸುವ ಹತ್ತು ಬಗೆಯ ಬಾಹ್ಯ ಪರಿಗ್ರಹಗಳ ಪಟ್ಟಿಯನ್ನು ಗಮನಿಸಿದರೆ ಅದು ಸಾಕ್ಷಾತ್ ರೈತನ ಮನೆಯ ಆಸ್ತಿಪಟ್ಟಿ. ಅದರ ಎದುರು ತನಗೆ ಎಷ್ಟು ಸಾಕೆಂದು, ಯಾತಕ್ಕೆ ಬೇಕೆಂದು ಗೃಹಸ್ಥ ತಾನೇ ಬರೆದುಕೊಳ್ಳಬೇಕು. ಸಾಕು ಎಂಬ ಗೆರೆ ಎಳೆಯದವನಿಗೆ ಎಷ್ಟು ಬಂದರೂ ಅದು ಕಡಿಮೆಯೇ.

ಜಿಲ್ಲೆಯ ನಕ್ಷೆಯನ್ನೇ ನೋಡಬಹುದು. ಚನ್ನಗಿರಿಯಲ್ಲಿ ಅಡಿಕೆ ತೋಟಗಳಿವೆ, ಸೂಳೆಕೆರೆಯಿದೆ. ಹೊನ್ನಾಳಿಯ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ. ಜಗಳೂರಿನ ಒಣಹೊಲದವನು ಅತ್ತ ನೋಡಿ ನಿಟ್ಟುಸಿರಿಡುತ್ತಾನೆ. ಅಡಿಕೆ ಬೆಳೆಗಾರನಾದರೋ ಕೊಳೆರೋಗವನ್ನೂ ಧಾರಣೆಯ ಏರಿಳಿತವನ್ನೂ ನೆನೆದು ನಿದ್ದೆಗೆಡುತ್ತಾನೆ; ಭದ್ರಾ ನಾಲೆಯ ಕೊನೆಯ ಭಾಗದವನು ನೀರು ತಲುಪಲಿಲ್ಲವೆಂದು ರಸ್ತೆಗಿಳಿಯುತ್ತಾನೆ. ಬಡತನಕ್ಕೂ ಸಿರಿತನಕ್ಕೂ ಭೇದವಿಲ್ಲವೆಂದು ಇದರ ಅರ್ಥವಲ್ಲ. ಭೇದ ಬಹಳವಿದೆ, ನೀರು ಬೇಕಾದಲ್ಲಿ ನೀರೇ ಬೇಕು. ಆದರೆ ನೀರು ಬಂದ ಮೇಲೂ ಹೋಗದ ಸಂಕಟವೊಂದು ಉಂಟೆಂಬುದಕ್ಕೆ ಆ ತಾಲ್ಲೂಕುಗಳೇ ಸಾಕ್ಷಿ.

ಗೆರೆಯನ್ನು ಮೊದಲೇ ಎಳೆದಿಟ್ಟವನ ಅನುಕೂಲವನ್ನು ಕೊಳವೆಬಾವಿಯ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ಒಂದು ಬೋರು ಬತ್ತಿದಾಗ ಇನ್ನೊಂದು, ಅದೂ ಬತ್ತಿದಾಗ ಮತ್ತೊಂದು ಎಂದು ಕೊರೆಸುತ್ತ ಹೋದವರು ಸಾಲದ ಆಳವನ್ನೂ ಹೆಚ್ಚಿಸಿಕೊಂಡ ಕಥೆ ಬಯಲುಸೀಮೆಯಲ್ಲಿ ಎಲ್ಲೆಡೆ ಇದೆ. ಯಂತ್ರದ ಲಾರಿ ಹೊಲದಲ್ಲಿ ನಿಂತು, ಧೂಳು ಏಳುತ್ತಿರುವಾಗ ‘ಇನ್ನು ನೂರಡಿ’ ಎನ್ನುವವನ ಮನಸ್ಸಿನಲ್ಲಿ ವಿವೇಕಕ್ಕೆ ಜಾಗವಿರುವುದಿಲ್ಲ. ಸಾಲ ಮಾಡಿ ಮತ್ತೆ ಕೊರೆಸುವುದಿಲ್ಲ, ಆ ವರ್ಷ ಮಳೆಯಾಶ್ರಿತ ಬೆಳೆಯೇ ಸಾಕು ಎಂದು ಯುಗಾದಿಯ ದಿನ ಮನೆಯವರೊಡನೆ ಕುಳಿತು ಗೊತ್ತುಮಾಡಿಕೊಂಡವನು ಆ ಲಾರಿಯನ್ನು ಕರೆಸುವುದೇ ಇಲ್ಲ. ಮದುವೆಯ ಖರ್ಚಿಗೂ ಇದೇ ಮಾತು. ಬೀಜಗೊಬ್ಬರಕ್ಕೆ ಮಾಡಿದ ಸಾಲವೂ, ಊರವರು ಹೊಗಳಲೆಂದು ಹಾಕಿಸಿದ ಮಂಟಪದ ಸಾಲವೂ ಬಡ್ಡಿಯಲ್ಲಿ ಒಂದೇ. ಆತ್ಮಸಾಕ್ಷಿಯ ಮುಂದೆ ಒಂದೇ ಅಲ್ಲ. ಯಾವುದು ಮುಖ್ಯವೆಂದು ಮನೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಮಾತಾಡದವರು ಎಲ್ಲವನ್ನೂ ಮುಖ್ಯವೆಂದೇ ಹೊತ್ತು ದಣಿಯುತ್ತಾರೆ.

ದಿನನಿತ್ಯದ ಅಭ್ಯಾಸಕ್ಕೆ ಸಾಮಾಯಿಕವಿದೆ. ಎರಡು ಗಳಿಗೆ, ಎಂದರೆ 48 ನಿಮಿಷ. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ವರ್ಷಾಯೋಗದಲ್ಲಿ ಒಂದೆಡೆ ನಿಲ್ಲುತ್ತಾರೆ. ರೈತ ನಿಲ್ಲಲಾರ, ಅವನ ಓಡಾಟವೆಲ್ಲ ಆ ನಾಲ್ಕು ತಿಂಗಳಲ್ಲೇ. ಅಷ್ಟು ಹೊತ್ತು ಕೂರಲಾಗದವನಿಗೆ ಕಾಯೋತ್ಸರ್ಗ ಸಾಧ್ಯ: ನಿಂತಲ್ಲೇ ದೇಹದ ಮಮತೆಯನ್ನು ಸಡಿಲಿಸಿ, ಮೂರು ಉಸಿರಿಗೆ ಒಂದರಂತೆ 27 ಉಸಿರುಗಳಲ್ಲಿ ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರ. ಎಡೆಕುಂಟೆ ಹೊಡೆದು ಬಂದವನು ಬದುವಿನ ಬೇವಿನ ನೆರಳಲ್ಲೂ ಇದನ್ನು ಮಾಡಬಹುದು. ಸಂಜೆಯ ಪ್ರತಿಕ್ರಮಣದಲ್ಲಿ ಆ ದಿನ ಯಾರ ಮೇಲೆ ರೇಗಿದೆನೆಂಬುದನ್ನು ನೆನೆದರೆ, ರೇಗಿಸಿದ್ದು ಅವರೋ ಮೋಡವೋ ಎಂಬುದು ಬಹಳ ಸಲ ಅಲ್ಲೇ ತಿಳಿಯುತ್ತದೆ. ಮಗುವಿಗೆ ಬಿದ್ದ ಏಟು ಮೋಡಕ್ಕೆ ಬೀಳಬೇಕಾಗಿದ್ದದ್ದು. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವ ಉತ್ತಮ ಕ್ಷಮೆಯಿಂದಲೇ ಮೊದಲಾಗುವುದು ಸುಮ್ಮನೆ ಅಲ್ಲ.

ಈ ಅಭ್ಯಾಸಗಳಿಗೂ ಮೀರಿ ಮನಸ್ಸು ಕುಸಿಯುವುದುಂಟು. ಬದುಕೇ ಬೇಡವೆನಿಸುವವನ ಕೈಗೆ ಜಪಮಾಲೆ ಕೊಟ್ಟು ಮನೆಯವರು ಸುಮ್ಮನಿರಬಾರದು. ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಔಷಧವೂ ಅಭಯವೂ ಸೇರಿರುವಾಗ ವೈದ್ಯರ ಬಳಿ ಕರೆದೊಯ್ಯುವುದರಲ್ಲಿ ಧರ್ಮಕ್ಕೆ ಏನು ಕೊರತೆ? ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ‘ಏನಪ್ಪಾ, ಊಟ ಮಾಡಿದೆಯಾ’ ಎಂದು ಪಕ್ಕದ ಹೊಲದವನು ಬಂದು ಕೇಳುವುದೂ ಅಭಯದಾನವೇ.

ವೃಷಭನಾಥರ ಆ ದೀರ್ಘ ಅಲಾಭ ಕೊನೆಗೊಂಡದ್ದು ಹಸ್ತಿನಾಪುರದಲ್ಲಿ. ಅಲ್ಲಿನ ರಾಜಕುಮಾರ ಶ್ರೇಯಾಂಸನಿಗೆ ಹಿಂದಿನ ಜನ್ಮದ ಸ್ಮರಣೆಯಿಂದ ಆಹಾರದಾನದ ಕ್ರಮ ತಿಳಿದು, ಅವನು ಸ್ವಾಮಿಯ ಬೊಗಸೆಗೆ ಕಬ್ಬಿನ ಹಾಲನ್ನು ಎರೆದ. ವೈಶಾಖ ಶುದ್ಧ ತದಿಗೆಯ ಆ ದಿನ ಅಕ್ಷಯ ತೃತೀಯವಾಯಿತು. ಈಗ ಆ ದಿನ ದಾವಣಗೆರೆಯ ಚಿನ್ನದಂಗಡಿಗಳಲ್ಲಿ ನೂಕುನುಗ್ಗಲು. ಬಿಳಿಚೋಡಿನ ಸುತ್ತ ಆ ಹೊತ್ತಿಗೆ ಹೊಲಗಳನ್ನು ಉತ್ತು ಹದ ಮಾಡಿ, ಹೆಂಟೆ ಒಡೆದು ಬಿಟ್ಟಿರುತ್ತಾರೆ. ರೋಹಿಣಿ ಮಳೆಗೆ ಇನ್ನೂ ಕೆಲವು ವಾರಗಳಿರುತ್ತವೆ.